‘ಧೈರ್ಯ ಸಾಲದು’ ಎಂದರೆ ಯಾವ ಕ್ಷಣದಲ್ಲಿ?

(ಓದುಗರೊಬ್ಬರ ಪತ್ರದ ಸಾರ: “ಕಮರ್ಷಿಯಲ್ ಪೈಲಟ್ ಆಗಲೆಂದು ರಾಜ್ಯದ ಒಂದು ತರಬೇತಿ ಶಾಲೆ ಸೇರಿದ್ದೇನೆ. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ 28 ಗಂಟೆ ಹಾರಾಟವಾಗಿದೆ. ಜೊತೆಯವರೆಲ್ಲ ಸೋಲೋ, ಅಂದರೆ ಒಬ್ಬರೇ ಹಾರುವುದನ್ನು, ಮುಗಿಸಿದರು. ನಾನು ಇಳಿಸುವಾಗ ಮಾತ್ರ ವಿಮಾನ ಪುಟಿಯುತ್ತದೆ. ‘ನಿನಗೆ ಕಾನ್ಫಿಡೆನ್ಸ್ ಸಾಲದು’ ಎನ್ನುತ್ತಾರೆ ಇನ್‌ಸ್ಟ್ರಕ್ಟರ್. ಎಂಜಿನ್ ನಿಂತರೆ ಎಂಬ ಭಯ ಬೇರೆ. ಅಪ್ಪ ಮನೆ ಅಡವಿಟ್ಟು ಸಾಲ ತಂದಿದ್ದಾರೆ. ರಾತ್ರಿ ಫೋನ್ ಮಾಡಿದಾಗಲೆಲ್ಲ ‘ಸೋಲೋ ಆಯ್ತೇನಮ್ಮಾ’ ಎಂದು ಕೇಳುತ್ತಾರೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವ ನೆಂಟರೂ ಇದ್ದಾರೆ. ಬಿಟ್ಟುಬಿಡಲೇ?”)

ಬಿಡಬೇಡಿ. ಕನಿಷ್ಠ ಈ ಕಾರಣಕ್ಕಂತೂ ಬಿಡಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ಕಾನ್ಫಿಡೆನ್ಸ್ ಸಾಲದು’ ಎಂಬ ಆ ಮಾತು. ಅದನ್ನು ಹೇಳಿಸಿಕೊಂಡವರು ಮಾರನೆಯ ದಿನ ವಿಮಾನ ಹತ್ತಿ ಏನನ್ನು ಬೇರೆ ರೀತಿ ಮಾಡಬೇಕು? ಯಾವ ಕೈ, ಯಾವ ಕಾಲು, ಕಣ್ಣು ಎತ್ತ? ಅದಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ಪಾಠವೆಂದು ಕರೆಯಲಾರೆ. ಇಳಿಯುವ ಕೊನೆಯ ಅರ್ಧ ನಿಮಿಷದಲ್ಲಿ ಯಾವುದೋ ಒಂದು ಕ್ಷಣದಲ್ಲಿ ನಿಮಗೆ ಮುಂದೇನು ಮಾಡಬೇಕೆಂದು ಹೊಳೆಯುತ್ತಿಲ್ಲ. ಆ ಕ್ಷಣ ಯಾವುದು ಎಂದು ಹುಡುಕಬೇಕು. ಭಯ ಹುಟ್ಟುವುದು ಅಲ್ಲೇ. ಅಲ್ಲಿ ಮಾಡಬೇಕಾದ್ದು ಕೈಗೆ ಬಂದ ದಿನ ಧೈರ್ಯದ ಮಾತೇ ಏಳುವುದಿಲ್ಲ.

ಪುಟಿಯುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಹೆಚ್ಚಿನ ವೇಗ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ಪೂರ್ತಿ ಇಳಿಸಿದಾಗ ನಿಮ್ಮ ವಿಮಾನಕ್ಕೆ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತದಲ್ಲಿ, 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ಆಸುಪಾಸು ಸಾಕು. ಭಯವಿದ್ದವರು ‘ಇರಲಿ’ ಎಂದು 75ರಲ್ಲಿ ಬರುತ್ತಾರೆ. ನೆಲಕ್ಕೆ ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಅಗಲದಷ್ಟು ಹತ್ತಿರ, ಅಂದರೆ ಸುಮಾರು 11 ಮೀಟರ್‌ನೊಳಗೆ ಬಂದಾಗ ಗಾಳಿಯ ಎಳೆತ ಕಡಿಮೆಯಾಗಿ ವಿಮಾನ ತೇಲತೊಡಗುತ್ತದೆ. ಹೆಚ್ಚಿಗೆ ತಂದ ವೇಗವೆಲ್ಲ ಅಲ್ಲಿ ಕರಗಬೇಕು. ಕರಗುವ ಮೊದಲೇ ಚಕ್ರವನ್ನು ನೆಲಕ್ಕೆ ಒತ್ತಿದರೆ ರೆಕ್ಕೆಗಳು ಇನ್ನೂ ಎತ್ತುತ್ತಲೇ ಇರುತ್ತವೆ, ವಿಮಾನ ಮತ್ತೆ ಮೇಲೇಳುತ್ತದೆ. ಎರಡನೆಯದು ಕಣ್ಣು. ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟುವ ಮುನ್ನ ವಿಮಾನದ ಮೂಗೆತ್ತುವಾಗ, ಮೂಗಿನ ಮುಂದಿನ ಡಾಂಬರು ನೋಡುತ್ತಿದ್ದೀರಾ? ಸೈಕಲ್ ಕಲಿಯುವಾಗ ಮುಂದಿನ ಚಕ್ರ ನೋಡಿದವರು ಬೀಳುತ್ತಿದ್ದರಲ್ಲ, ಹಾಗೆಯೇ ಇದು. ಹತ್ತಿರದ ನೆಲ ಓಡುತ್ತಿರುವುದರಿಂದ ಎತ್ತರ ಅಂದಾಜಿಗೆ ಸಿಗುವುದಿಲ್ಲ. ದೃಷ್ಟಿಯನ್ನು ರನ್‌ವೇಯ ದೂರದ ತುದಿಗೆ ಕಳಿಸಿ. ಎರಡೂ ಬದಿಯ ಅಂಚುಗಳು ಕಣ್ಣಿನ ಮೂಲೆಯಲ್ಲಿ ಅಗಲವಾಗುತ್ತ ಏಳುವುದು ಕಾಣುತ್ತದೆ. ನೀವೆಷ್ಟು ಎತ್ತರದಲ್ಲಿದ್ದೀರಿ ಎಂಬುದನ್ನು ಹೇಳುವುದು ಅದೇ.

ನಮ್ಮ ನೆಲದ ವಿಷಯವೂ ಒಂದಿದೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಬೆಳಗಾವಿ 2,500ರ ಹತ್ತಿರ, ಮೈಸೂರು 2,300ಕ್ಕೂ ಮೇಲೆ. ಬೇಸಿಗೆಯ ಮಧ್ಯಾಹ್ನ ಇಲ್ಲಿನ ಗಾಳಿ ಇನ್ನಷ್ಟು ತೆಳು. ಹಾಗಾಗಿ ವೇಗದ ಮೀಟರ್ 65 ನಾಟ್ ತೋರಿಸುವಾಗ ವಿಮಾನ ನಿಜಕ್ಕೂ ಸಾಗುತ್ತಿರುವುದು 70ರ ಸುತ್ತ, ಗಂಟೆಗೆ ಸುಮಾರು 130 ಕಿಲೋಮೀಟರ್. ನೆಲ ರಭಸದಿಂದ ನುಗ್ಗಿ ಬರುವಂತೆ ಅನಿಸುವುದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ, ಅದು ನಿಜವಾಗಿಯೂ ಹಾಗೇ ಬರುತ್ತಿರುತ್ತದೆ. ಆದರೂ ಮೀಟರನ್ನೇ ನಂಬಿ. ಸಾಧ್ಯವಾದರೆ ಬೆಳಗಿನ ಸ್ಲಾಟ್ ಕೇಳಿ ಪಡೆಯಿರಿ. ಬಿಸಿಲೇರಿ ನೆಲ ಕಾದ ಮೇಲೆ ಕುಲುಕಾಟ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಪುಟಿದರೆ ತಪ್ಪು ನಿಮ್ಮದೋ ಗಾಳಿಯದೋ ಎಂಬುದೇ ತಿಳಿಯುವುದಿಲ್ಲ.

ಪುಟಿದಾಗ ಏನು ಮಾಡುತ್ತೀರಿ ಎಂದು ನೀವು ಬರೆದಿಲ್ಲ. ನನಗೆ ಬೇಕಿದ್ದುದು ಅದೇ. ಗಾಬರಿಯಲ್ಲಿ ಮೂಗು ಕೆಳಗೆ ತಳ್ಳಿದರೆ ಮುಂದಿನ ಚಕ್ರ ಮೊದಲು ಬಡಿದು, ಮುಂದಿನ ಪುಟಿತ ಇನ್ನೂ ಕೆಟ್ಟದಾಗುತ್ತದೆ. ಸಣ್ಣ ಪುಟಿತವಾದರೆ ಮೂಗನ್ನು ಇಳಿಯುವ ಭಂಗಿಯಲ್ಲೇ ಹಿಡಿದು, ಥ್ರಾಟಲ್ (ಎಂಜಿನ್ ಶಕ್ತಿ) ಚೂರು ಕೊಟ್ಟು ಮತ್ತೆ ಕೂರಲು ಬಿಡಿ. ದೊಡ್ಡದಾದರೆ ಯೋಚನೆಯೇ ಬೇಡ: ಪೂರ್ತಿ ಥ್ರಾಟಲ್, ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ಇಳಿಯುವ ವೇಗಕ್ಕೆ ಹೊಂದಿಸಿ (ಟ್ರಿಮ್ ಮಾಡಿ) ಇಟ್ಟಿರುವುದರಿಂದ ಪೂರ್ತಿ ಶಕ್ತಿ ಕೊಟ್ಟೊಡನೆ ಮೂಗು ಮೇಲೇಳಲು ನೋಡುತ್ತದೆ, ಎಡಕ್ಕೂ ತಿರುಗುತ್ತದೆ. ಕಂಟ್ರೋಲನ್ನು ಗಟ್ಟಿಯಾಗಿ ಮುಂದಕ್ಕೆ ಹಿಡಿಯಿರಿ, ಬಲಗಾಲಿನ ರಡರ್ ಪೆಡಲ್ ಒತ್ತಿ. ಫ್ಲ್ಯಾಪನ್ನು ಒಮ್ಮೆಗೇ ಎತ್ತದೆ ಹಂತಹಂತವಾಗಿ ಎತ್ತಿ.

ನಮ್ಮ ಹುಡುಗ ಹುಡುಗಿಯರು ಗೋ-ಅರೌಂಡ್ ಎಂದರೆ ಪರೀಕ್ಷೆಯಲ್ಲಿ ಫೇಲಾದಂತೆ ಎಂದುಕೊಂಡಿದ್ದಾರೆ. ಇದು ನನಗೆ ಬಹಳ ಬೇಸರ ತರಿಸುತ್ತದೆ. ದೊಡ್ಡ ಏರ್‌ಲೈನ್ ಕ್ಯಾಪ್ಟನ್‌ಗಳೂ ಅಪ್ರೋಚ್ ಸರಿಯಿಲ್ಲ ಅನಿಸಿದರೆ ಮತ್ತೆ ಮೇಲೇರುತ್ತಾರೆ. ಹಾಗೆ ಮಾಡಲೇಬೇಕೆಂದು ಅವರಿಗೆ ಕಲಿಸಿರುತ್ತಾರೆ. ಮುಂದಿನ ಪಾಠದಲ್ಲಿ ಇನ್‌ಸ್ಟ್ರಕ್ಟರನ್ನು ಹೀಗೆ ಕೇಳಿ: “ಸರ್, ಇವತ್ತು ಇಳಿಸುವುದೇ ಬೇಡ. ರನ್‌ವೇ ಸುತ್ತ ಸರ್ಕ್ಯೂಟ್ ಹಾರಿ, ಪ್ರತಿ ಸಲವೂ ಗೋ-ಅರೌಂಡ್ ಮಾಡೋಣ. ಒಂದು ಸಲ ಫೈನಲ್‌ನಲ್ಲಿ, ಇನ್ನೊಂದು ಸಲ ರನ್‌ವೇ ಮೇಲೆ ತೇಲುವಾಗ.” ಹೊರಬರುವ ದಾರಿ ಕೈಗೆ ಅಭ್ಯಾಸವಾದವರ ಭುಜ ಸಡಿಲವಾಗುತ್ತದೆ, ಹಿಡಿತ ಹಗುರಾಗುತ್ತದೆ, ಇಳಿಯುವುದು ತಾನಾಗಿ ಸುಧಾರಿಸುತ್ತದೆ.

ಎಂಜಿನ್ ಭಯದ ಬಗ್ಗೆ: ನಿಮ್ಮ ಎಂಜಿನ್‌ಗೆ ತಾನಾಗಿ ಕಿಡಿ ಹುಟ್ಟಿಸುವ ಎರಡು ಮ್ಯಾಗ್ನೆಟೋ, ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಹಾರುವ ಮೊದಲು ಒಂದೊಂದನ್ನೇ ಆರಿಸಿ ಪರೀಕ್ಷಿಸುತ್ತೀರಲ್ಲ, ಅದಕ್ಕೇ. ಅಷ್ಟಾಗಿಯೂ ನಿಂತರೆ 172 ಕಲ್ಲಿನ ಹಾಗೆ ಬೀಳುವುದಿಲ್ಲ. ಸರಿಯಾದ ವೇಗ ಹಿಡಿದರೆ, ಗಾಳಿಯಿಲ್ಲದಾಗ, ಪ್ರತಿ 1,000 ಅಡಿ ಎತ್ತರಕ್ಕೆ ಎರಡೂವರೆ ಕಿಲೋಮೀಟರ್‌ಗೂ ಹೆಚ್ಚು ತೇಲಿಕೊಂಡು ಹೋಗುತ್ತದೆ. ಡೌನ್‌ವಿಂಡ್‌ನಲ್ಲಿ, ಅಂದರೆ ಸರ್ಕ್ಯೂಟ್‌ನಲ್ಲಿ ರನ್‌ವೇಗೆ ಸಮಾನಾಂತರವಾಗಿ, ಹಾರುವಾಗ ‘ಈಗ ನಿಂತರೆ ಎಲ್ಲಿಗೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಉತ್ತರ ಹೆಚ್ಚಾಗಿ ನಿಮ್ಮ ಪಕ್ಕದಲ್ಲಿರುವ ರನ್‌ವೇಯೇ ಆಗಿರುತ್ತದೆ.

ಹಣ ಖರ್ಚಾಗದ ಅಭ್ಯಾಸವೂ ಉಂಟು. ರೂಮಿನಲ್ಲಿ ಕುರ್ಚಿಯ ಮೇಲೆ ಕೂತು, ಚೆಕ್‌ಲಿಸ್ಟ್ ತೊಡೆಯ ಮೇಲಿಟ್ಟು, ಇಡೀ ಸರ್ಕ್ಯೂಟನ್ನು ರೇಡಿಯೋ ಮಾತಿನ ಸಮೇತ ಹಾರಿ. ಕೈ ಎಲ್ಲಿ ತಡವರಿಸುತ್ತದೋ ನಿಮಗೆ ಬೇಕಾದ ಕ್ಷಣ ಅದೇ. ಬರೆದಿಟ್ಟುಕೊಂಡು ಇನ್‌ಸ್ಟ್ರಕ್ಟರಿಗೆ ತೋರಿಸಿ. ಅವರು ಆಗಲೂ ‘ಕಾನ್ಫಿಡೆನ್ಸ್’ ಎಂದೇ ಹೇಳಿದರೆ, ಒಂದೆರಡು ಹಾರಾಟಕ್ಕೆ ಬೇರೆಯವರ ಜೊತೆ ಕಳಿಸಿ ಎಂದು ಚೀಫ್ ಇನ್‌ಸ್ಟ್ರಕ್ಟರನ್ನು ವಿನಯದಿಂದ ಕೇಳಿ. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ನೆಂಟರಿಗೆ ನೀವು ಉತ್ತರ ಕೊಡಬೇಕಿಲ್ಲ. ಭಾರತದ ಮೊದಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದ ಸರಳಾ ಠಕ್ರಾಲ್ 1936ರಲ್ಲೇ, 21ನೇ ವಯಸ್ಸಿನಲ್ಲಿ, ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನದಲ್ಲಿ ಒಬ್ಬರೇ ಹಾರಿ ಆ ಉತ್ತರ ಕೊಟ್ಟಿದ್ದಾರೆ. ಆಗ ಅವರಿಗೆ ನಾಲ್ಕು ವರ್ಷದ ಮಗಳಿದ್ದಳು.

ಜೊತೆಯವರ ಲೆಕ್ಕ ಬಿಡಿ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ್ದು 200 ಗಂಟೆ, ಅದರಲ್ಲಿ 100 ಗಂಟೆ ನೀವೇ ಕಮಾಂಡ್‌ನಲ್ಲಿರಬೇಕು. ಅಷ್ಟು ದೂರದ ದಾರಿಯಲ್ಲಿ ಮೊದಲ ಸೋಲೋ ಕೆಲವು ಗಂಟೆ ತಡವಾದರೆ ಸಾಲ ಒಂದಿಷ್ಟು ಬೆಳೆಯಬಹುದು, ಅದು ಸುಳ್ಳಲ್ಲ; ಕೈ ಪಳಗದೆ ಒಬ್ಬರೇ ಏರಿದರೆ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು. ಆ ದಿನ ಬಂದಾಗ ಪಕ್ಕದ ಸೀಟು ಖಾಲಿಯಾಗಿ ವಿಮಾನ ಹಗುರವಾಗಿರುತ್ತದೆ. ಬೇಗ ನೆಲ ಬಿಡುತ್ತದೆ, ಸರ್ಕ್ಯೂಟ್ ಎತ್ತರಕ್ಕೆ ಬೇಗ ಮುಟ್ಟುತ್ತದೆ, ಇಳಿಯುವಾಗ ಇನ್ನೂ ಸ್ವಲ್ಪ ತೇಲುತ್ತದೆ. ಬೆಚ್ಚಬೇಡಿ.

ಅಪ್ಪನಿಗೆ ಇವತ್ತು ನೀವೇ ಫೋನ್ ಮಾಡಿ. “ಅಪ್ಪಾ, ಇನ್ನೂ ಆಗಿಲ್ಲ. ಇಳಿಸುವಾಗ ವೇಗ ಜಾಸ್ತಿ ಇಟ್ಟುಕೊಳ್ತಿದ್ದೀನಿ, ಈ ವಾರ ಅದನ್ನೇ ಸರಿಮಾಡ್ತಿದ್ದೀನಿ. ಆದ ದಿನ ನಾನೇ ಮೊದಲು ಹೇಳ್ತೀನಿ, ಅಲ್ಲೀತನಕ ಕೇಳಬೇಡಿ” ಎನ್ನಿ. ಮಗಳಿಗಾಗಿ ಮನೆ ಅಡವಿಟ್ಟವರಿಗೆ ಈ ಮಾತು ಖಂಡಿತ ಅರ್ಥವಾಗುತ್ತದೆ.

– ಸಂಪಾದಕ