‘ಚೆನ್ನಾಗಿದೆ’ ಎಂದವರು ನಿಜಕ್ಕೂ ಓದಿದ್ದಾರೆಯೇ?

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಇಡ್ಲಿ ಹಿಟ್ಟು ಏಕೆ ಉಬ್ಬುತ್ತದೆ’ ಲೇಖನ ಓದಿದೆವು. ಎಂಟು ಸಹಪಾಠಿಗಳಿಗೆ ತೋರಿಸಿದ್ದೀರಿ, ಎಲ್ಲರೂ ಚೆನ್ನಾಗಿದೆ ಎಂದರಂತೆ. ಈಗಿರುವ ರೂಪದಲ್ಲಿ ನಾವು ಇದನ್ನು ಹಾಕಿಕೊಳ್ಳಲಾರೆವು. ವಿಷಯ ಒಳ್ಳೆಯದು, ಕೈಬಿಡಬೇಡಿ.

ಮೊದಲು ತಪ್ಪಿನ ವಿಚಾರ. ಹಿಟ್ಟನ್ನು ಉಬ್ಬಿಸುವುದು ಯೀಸ್ಟ್ ಎಂದಿದ್ದೀರಿ. ಅದು ಬ್ರೆಡ್ಡಿನ ಕಥೆ. ಇಡ್ಲಿ ಹಿಟ್ಟಿನಲ್ಲೂ ಯೀಸ್ಟ್ ಇರಬಹುದು, ಆದರೆ ಉಬ್ಬಿಸುವ ಮುಖ್ಯ ಕೆಲಸ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ್ದು. 1965ರಲ್ಲೇ ಈ ಬಗ್ಗೆ ಸಂಶೋಧನಾ ಪ್ರಬಂಧ ಬಂದಿದೆ. ಎಂಟು ಜನರಲ್ಲಿ ಒಬ್ಬರಿಗೂ ಇದು ಕಾಣಲಿಲ್ಲವೇಕೆ? ಎಲ್ಲರೂ ನಿಮ್ಮ ತರಗತಿಯವರೇ, ಅದೇ ನೋಟ್ಸ್ ಓದಿದವರು. ಸಂಗತಿ ಸರಿಯೇ ಎಂದು ನೋಡಲು ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರು ಬೇಕು, ಅರ್ಥವಾಗುತ್ತದೆಯೇ ಎಂದು ನೋಡಲು ಬಿ.ಕಾಂ.ನವರೊಬ್ಬರು. ಮತ್ತೆ, ಮನೆಯಲ್ಲಿ ಹಿಟ್ಟು ರುಬ್ಬುವವರು ಯಾರೋ ಅವರು. ಚಳಿಗಾಲದಲ್ಲಿ ಹಿಟ್ಟು ಸರಿಯಾಗಿ ಉಬ್ಬದಿರುವ ಮಾತೇ ನಿಮ್ಮ ಲೇಖನದಲ್ಲಿಲ್ಲ. ಅವರು ಅದನ್ನೇ ಮೊದಲು ಕೇಳುತ್ತಾರೆ. ಮೂವರು ಸಾಕು.

ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದರೆ ವಾಪಸ್ ಬರುವುದು ಹೆಬ್ಬೆರಳು ಮಾತ್ರ. ಸಾಲುಗಳ ನಡುವೆ ಜಾಗ ಬಿಟ್ಟು, ಪ್ಯಾರಾಗಳಿಗೆ ಸಂಖ್ಯೆ ಹಾಕಿ ಪ್ರಿಂಟ್ ತೆಗೆಸಿ, ಜೊತೆಗೆ ಪೆನ್ಸಿಲ್ ಕೊಡಿ. ಎರಡನೇ ಸಲ ಓದಬೇಕಾಗಿ ಬಂದ ಸಾಲಿನ ಕೆಳಗೆ ಗೆರೆ, ಬೇಸರವಾಗಿ ಹಾರಿಸಿದ ಕಡೆ ಇಂಟು ಗುರುತು, ಅಷ್ಟೇ. ‘ಹೇಗಿದೆ?’ ಎಂದು ಕೇಳಲೇಬೇಡಿ. ಸ್ನೇಹಿತರ ಬಳಿ ಅದಕ್ಕಿರುವುದು ಒಂದೇ ಉತ್ತರ. ಅವರು ಓದುವಾಗ ಪಕ್ಕದಲ್ಲಿ ಕೂತರೂ ಬಾಯಿ ಬಿಡಬೇಡಿ. ‘ಅಲ್ಲಿ ನಾನು ಹೇಳಹೊರಟಿದ್ದು ಏನೆಂದರೆ...’ ಎಂದು ಶುರುಮಾಡಿದಿರೋ, ಆ ಓದು ಅಲ್ಲಿಗೇ ಕೆಟ್ಟಿತು. ಮುಗಿದ ಮೇಲೆ ಹಾಳೆ ಮಗುಚಿಟ್ಟು ಕೇಳಿ: ಹಿಟ್ಟು ಏಕೆ ಉಬ್ಬುತ್ತದೆ, ಎರಡೇ ವಾಕ್ಯದಲ್ಲಿ ಹೇಳು. ಅವರು ತಡವರಿಸಿದರೆ ಲೇಖನವೇ ತಡವರಿಸುತ್ತಿದೆ.

ಮೂರನೇ ಪ್ಯಾರಾವನ್ನು ಗಟ್ಟಿಯಾಗಿ ಓದಿಸಿ. ‘ಸೂಕ್ಷ್ಮಾಣುಜೀವಿಗಳ ಚಯಾಪಚಯ ಕ್ರಿಯೆಯ ಫಲವಾಗಿ ಅನಿಲೋತ್ಪತ್ತಿಯುಂಟಾಗಿ ಹಿಟ್ಟಿನ ಗಾತ್ರದಲ್ಲಿ ವೃದ್ಧಿಯಾಗುತ್ತದೆ’ ಎಂಬಲ್ಲಿ ಯಾರಾದರೂ ಎಡವುತ್ತಾರೆ. ಹೀಗೆ ಬರೆದು ನೋಡಿ: ‘ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಉಬ್ಬುತ್ತದೆ.’ ಪದಗಳೇನೂ ಕಡಿಮೆಯಾಗಲಿಲ್ಲ. ಆದರೆ ಯಾರು ಏನು ಮಾಡುತ್ತಾರೆಂಬುದು ಕಂಡಿತು, ನೀವು ಬಿಟ್ಟೇಬಿಟ್ಟಿದ್ದ ಉದ್ದೂ ಒಳಗೆ ಬಂತು.

ಒಂದೇ ಜಾಗಕ್ಕೆ ಇಬ್ಬರು ಗೆರೆ ಎಳೆದು, ಒಬ್ಬರು ‘ಉದಾಹರಣೆ ಸೇರಿಸು’, ಇನ್ನೊಬ್ಬರು ‘ಪ್ಯಾರಾನೇ ತೆಗಿ’ ಎಂದಾರು. ಗೆರೆಯನ್ನು ನಂಬಿ, ಮದ್ದು ನೀವೇ ಹುಡುಕಿ. ಮೂವರಿಗೂ ಒಂದೇ ದಿನ ಕೊಡಬೇಡಿ. ಮೊದಲು ಎಂ.ಎಸ್ಸಿ.ಯವರು, ತಪ್ಪು ಸಂಗತಿಯಿರುವ ವಾಕ್ಯವನ್ನು ಉಳಿದವರಿಂದ ತಿದ್ದಿಸಿ ಪ್ರಯೋಜನವಿಲ್ಲ. ಅವರು ಹೇಳಿದ್ದನ್ನು ಸರಿಪಡಿಸಿದ ಮೇಲೆ ಮುಂದಿನವರಿಗೆ. ಬಿ.ಕಾಂ.ನವರನ್ನು ಕೊನೆಗೆ ಉಳಿಸಿಕೊಳ್ಳಿ, ಒಮ್ಮೆ ಓದಿದವರು ಮತ್ತೆ ಹೊಸ ಓದುಗರಾಗುವುದಿಲ್ಲ.

ಈಗ 1,900 ಪದಗಳಿವೆ, 1,200 ಸಾಕು. ಹುದುಗುವಿಕೆಯ ಇತಿಹಾಸ ಹೇಳುವ ಮೊದಲ ಎರಡು ಪ್ಯಾರಾ ತೆಗೆದರೆ ಅರ್ಧ ಕೆಲಸ ಮುಗಿಯಿತು. ತಿದ್ದಿದ ಪ್ರತಿಯ ಜೊತೆ ಪೆನ್ಸಿಲ್ ಗುರುತಿನ ಹಾಳೆಗಳನ್ನೂ ಕಳಿಸಿ.