ಓದುಗರ ಪ್ರಶ್ನೆ: ಐರೋಪ್ಯ ಒಕ್ಕೂಟ ಸೇರೋಕೆ ಪ್ರಜಾಪ್ರಭುತ್ವ ಯಾಕೆ ಬೇಕು?

ಪ್ರಶ್ನೆ: ಐರೋಪ್ಯ ಒಕ್ಕೂಟ ಸೇರಬೇಕಾದರೆ ಆ ದೇಶದಲ್ಲಿ ಪ್ರಜಾಪ್ರಭುತ್ವ ಇರಲೇಬೇಕಂತೆ. ಈ ನಿಯಮ ಶುರುವಿನಿಂದಲೂ ಇತ್ತಾ? ಒಂದು ದೇಶ ಹೇಗೆ ಆಳಿಕೊಳ್ಳಬೇಕು ಅಂತ ಹೊರಗಿನವರು ಷರತ್ತು ಹಾಕೋದು ದಬ್ಬಾಳಿಕೆ ಅಲ್ವಾ?

ಉತ್ತರ: ಶುರುವಿನಲ್ಲಿ ಬರವಣಿಗೆಯಲ್ಲಿ ಇರಲಿಲ್ಲ. ಇಂದಿನ ಒಕ್ಕೂಟಕ್ಕೆ ಅಡಿಪಾಯ ಹಾಕಿದ 1957ರ ರೋಮ್ ಒಪ್ಪಂದದಲ್ಲಿ ಯುರೋಪಿನ ಯಾವ ದೇಶ ಬೇಕಾದರೂ ಅರ್ಜಿ ಹಾಕಬಹುದು ಅಂತ ಅಷ್ಟೇ ಇದೆ. ಆಗ ಇದ್ದದ್ದೇ ಆರು ದೇಶಗಳು, ಆರರಲ್ಲೂ ಚುನಾಯಿತ ಸರ್ಕಾರಗಳು. ಪ್ರಶ್ನೆ ಜೋರಾಗಿ ಎದ್ದಿದ್ದು ಸ್ಪೇನ್ ಬಾಗಿಲು ತಟ್ಟಿದಾಗ.

1962ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಪತ್ರ ಬರೆದು ಮಾತುಕತೆ ಶುರು ಮಾಡೋಣ ಅಂತ ಕೇಳಿತು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಆಗಿನ ಐರೋಪ್ಯ ಸಂಸತ್ ಸಭೆಯಲ್ಲಿದ್ದ ಜರ್ಮನಿಯ ಸಮಾಜವಾದಿ ಸದಸ್ಯ ವಿಲಿ ಬಿರ್ಕೆಲ್‌ಬಾಕ್ ಅವರ ವರದಿ ಬಂದಿತ್ತು. ತನ್ನ ಜನರಿಗೆ ನಿಜವಾದ ಪ್ರಜಾಪ್ರಭುತ್ವವನ್ನೂ ಮೂಲಭೂತ ಹಕ್ಕುಗಳನ್ನೂ ಕೊಡದ ದೇಶ ಸದಸ್ಯ ಆಗಲು ಆಗದು ಅನ್ನೋದು ಅದರ ತಿರುಳು. ಸ್ಪೇನ್ ಜೊತೆ 1970ರಲ್ಲಿ ವ್ಯಾಪಾರದ ಒಪ್ಪಂದವೇನೋ ಆಯಿತು. ಆದರೆ ಫ್ರಾಂಕೊ ಬದುಕಿರುವವರೆಗೆ ಸದಸ್ಯತ್ವ ಸಿಗಲಿಲ್ಲ.

ಇನ್ನು ದಬ್ಬಾಳಿಕೆಯ ವಿಷಯ. ಇಲ್ಲಿ ನಾನು ಒಂದು ಘಟನೆ ಹೇಳಲೇಬೇಕು, ಯಾಕೆಂದರೆ ಈ ಚರ್ಚೆಯಲ್ಲಿ ಜನ ಇದನ್ನು ಮರೆತೇಬಿಡುತ್ತಾರೆ. ಅದೇ 1962ರ ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ಒಂದು ಸಮಾವೇಶ ನಡೆಯಿತು. ಅಲ್ಲಿಗೆ 118 ಮಂದಿ ಸ್ಪೇನಿನವರು ಬಂದಿದ್ದರು. ಅವರಲ್ಲಿ ಕೆಲವರು ದೇಶದೊಳಗಿಂದಲೇ ಹೋದವರು, ಇನ್ನು ಕೆಲವರು ಎಷ್ಟೋ ವರ್ಷಗಳಿಂದ ದೇಶ ಬಿಟ್ಟು ಬದುಕುತ್ತಿದ್ದವರು, ಅಂತರ್ಯುದ್ಧದಲ್ಲಿ ಎದುರುಬದುರು ಪಕ್ಷದಲ್ಲಿ ಇದ್ದವರೂ ಅಲ್ಲಿ ಒಟ್ಟಿಗೆ ಕೂತಿದ್ದರು. ಅವರು ಕೇಳಿದ್ದೇನು ಗೊತ್ತಾ? ನಮ್ಮ ದೇಶವನ್ನು ಸೇರಿಸಿಕೊಳ್ಳುವ ಮೊದಲು ಅಲ್ಲಿ ಜನರಿಂದ ಆಯ್ಕೆಯಾದ ಸರ್ಕಾರ ಬರಬೇಕು, ಪಕ್ಷ ಕಟ್ಟುವ ಹಕ್ಕು, ಮುಷ್ಕರ ಮಾಡುವ ಹಕ್ಕು ಇರಬೇಕು. ಅಂದರೆ ಷರತ್ತು ಹಾಕಿ ಅಂತ ಬೇಡಿಕೊಂಡವರು ಸ್ಪೇನಿನವರೇ! ವಾಪಸ್ ಬಂದಾಗ ಅವರಲ್ಲಿ ಹಲವರ ಮುಂದೆ ಇದ್ದದ್ದು ಎರಡೇ ದಾರಿ: ದೇಶ ಬಿಡಿ, ಇಲ್ಲವೇ ಫುಯೆರ್ತೆವೆಂತುರಾ ದ್ವೀಪದಲ್ಲಿ ನಿರ್ಬಂಧದಲ್ಲಿರಿ. ಇಷ್ಟು ತಿಳಿದ ಮೇಲೂ ಇದನ್ನು ಬರೀ ಹೊರಗಿನವರ ದಬ್ಬಾಳಿಕೆ ಅನ್ನೋಕೆ ನನಗೆ ಮನಸ್ಸು ಬರಲ್ಲ. ಸ್ಪೇನಿನ ಸರ್ಕಾರ ಬೇರೆ, ಸ್ಪೇನಿನ ಜನ ಬೇರೆ. ಫ್ರಾಂಕೊ 1975ರಲ್ಲಿ ತೀರಿಕೊಂಡ. 1977ರ ಜೂನ್‌ನಲ್ಲಿ ಚುನಾವಣೆ, ಮರುತಿಂಗಳೇ ಅರ್ಜಿ, 1986ರಲ್ಲಿ ಸದಸ್ಯತ್ವ.

ಷರತ್ತು ಸ್ಪಷ್ಟವಾಗಿ ಕಾಗದಕ್ಕೆ ಇಳಿದದ್ದು 1993ರಲ್ಲಿ, ಕೋಪನ್‌ಹೇಗನ್‌ನಲ್ಲಿ ಸದಸ್ಯ ದೇಶಗಳ ನಾಯಕರು ಸಭೆ ಸೇರಿದಾಗ. ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಮಾನವ ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ, ಇವನ್ನು ಕಾಯುವ ಗಟ್ಟಿ ಸಂಸ್ಥೆಗಳು ಇರಬೇಕು ಅಂತ. ಜೊತೆಗೆ ಆರ್ಥಿಕತೆಯ ಷರತ್ತುಗಳೂ ಇವೆ. ಇದು ಸುಮ್ನೆ ಹೇಳಿದ ಮಾತಲ್ಲ. 1997ರಲ್ಲಿ ಪೋಲೆಂಡ್, ಹಂಗೆರಿಯಂಥ ದೇಶಗಳನ್ನು ಮಾತುಕತೆಗೆ ಕರೆದರು, ಸ್ಲೊವಾಕಿಯಾವನ್ನು ಬಿಟ್ಟರು. ಪ್ರಧಾನಿ ಮೆಚಿಯಾರ್ ಆಡಳಿತ ನಡೆಸುತ್ತಿದ್ದ ರೀತಿಯೇ ಕಾರಣ. ಮರುವರ್ಷದ ಚುನಾವಣೆಯಲ್ಲಿ ಶೇಕಡಾ 84ರಷ್ಟು ಮತದಾನ ಆಯಿತು. ಮೆಚಿಯಾರ್ ಪಕ್ಷಕ್ಕೆ ಕೂದಲೆಳೆಯಷ್ಟು ಮತ ಜಾಸ್ತಿ ಬಂದರೂ ಉಳಿದವರು ಸೇರಿ ಸರ್ಕಾರ ಮಾಡಿದರು. 2004ರಲ್ಲಿ ಸ್ಲೊವಾಕಿಯಾ ಒಳಗೆ ಬಂತು.

ಪ್ರಶ್ನೆ: ಸರಿ, ಒಳಗೆ ಬಂದ ಮೇಲೆ ಒಂದು ದೇಶ ಹಾದಿ ತಪ್ಪಿದರೆ? ಹೊರಗೆ ಹಾಕಬಹುದಾ?

ಉತ್ತರ: ಆಗಲ್ಲ. ನನಗೆ ನಿಜಕ್ಕೂ ಬೇಸರ ತರಿಸೋದು ಇದೇ. ತಾನಾಗಿ ಬಿಟ್ಟು ಹೋಗಬಹುದು, ಬ್ರಿಟನ್ 2020ರಲ್ಲಿ ಹೋದ ಹಾಗೆ. ಹೊರಹಾಕೋಕೆ ಮಾತ್ರ ನಿಯಮವೇ ಇಲ್ಲ. ಇರುವುದು ಒಕ್ಕೂಟದ ಒಪ್ಪಂದದ ಏಳನೇ ವಿಧಿ. ಅದರ ಪ್ರಕಾರ ತಪ್ಪು ಮಾಡಿದ ದೇಶದ ಮತದಾನದ ಹಕ್ಕನ್ನು ತಡೆಹಿಡಿಯಬಹುದು. ಆದರೆ ಅದಕ್ಕೆ ಮೊದಲು, ಗಂಭೀರ ತಪ್ಪಾಗಿದೆ ಅಂತ ಉಳಿದ ಎಲ್ಲಾ ದೇಶಗಳೂ ಒಮ್ಮತದಿಂದ ಒಪ್ಪಬೇಕು. ಪೋಲೆಂಡ್ ಮೇಲೆ 2017ರಲ್ಲಿ, ಹಂಗೆರಿ ಮೇಲೆ 2018ರಲ್ಲಿ ಈ ವಿಧಿಯಡಿ ಕ್ರಮ ಶುರುವಾಯಿತು. ಎರಡೂ ದೇಶಗಳು ಒಂದಕ್ಕೊಂದು ಬೆನ್ನಿಗೆ ನಿಂತವು. ಒಮ್ಮತ ಮುರಿಯೋಕೆ ಒಬ್ಬರು ಬೇಡ ಅಂದರೂ ಸಾಕು ತಾನೇ, ವಿಷಯ ಅಲ್ಲೇ ನಿಂತಿತು.

ಬಾಗಿಲ ಹೊರಗೆ ನಿಂತವರಿಗೆ ಅಷ್ಟು ಕಟ್ಟುನಿಟ್ಟು, ಒಳಗಿನವರಿಗೆ ಇಷ್ಟು ಸಡಿಲ. ಇದು ಅನ್ಯಾಯ ಅಂತ ನೇರವಾಗಿಯೇ ಹೇಳುತ್ತೇನೆ. ಆಮೇಲೆ ಅವರಿಗೆ ಹೊಳೆದ ದಾರಿ ಹಣದ್ದು. ಕಾನೂನಿನ ಆಡಳಿತ ಕೆಟ್ಟು ಒಕ್ಕೂಟದ ಹಣಕ್ಕೆ ಅಪಾಯ ಅನ್ನಿಸಿದರೆ ಅನುದಾನ ತಡೆಯುವ ನಿಯಮವನ್ನು 2020ರಲ್ಲಿ ತಂದರು. ಇದಕ್ಕೆ ಒಮ್ಮತ ಬೇಕಿಲ್ಲ, ದೊಡ್ಡ ಬಹುಮತ ಸಾಕು. 2022ರ ಡಿಸೆಂಬರ್‌ನಲ್ಲಿ ಹಂಗೆರಿಗೆ ಹೋಗಬೇಕಿದ್ದ ಸುಮಾರು 630 ಕೋಟಿ ಯೂರೋ ನಿಂತಿತು. ಪೋಲೆಂಡ್‌ನಲ್ಲಿ 2023ರ ಚುನಾವಣೆಯ ನಂತರ ಸರ್ಕಾರ ಬದಲಾಯಿತು, 2024ರಲ್ಲಿ ಅದರ ಮೇಲಿನ ಕ್ರಮ ಕೈಬಿಟ್ಟರು. ಅಲ್ಲಿ ಆ ಬದಲಾವಣೆ ತಂದದ್ದು ಏಳನೇ ವಿಧಿ ಅಲ್ಲ, ಪೋಲೆಂಡಿನ ಮತದಾರರು.

ಪ್ರಶ್ನೆ: ಬೇರೆ ಕಡೆಯ ಒಕ್ಕೂಟಗಳಲ್ಲೂ ಈ ಷರತ್ತು ಇದೆಯಾ?

ಉತ್ತರ: ಇದೆ. ಆಫ್ರಿಕನ್ ಒಕ್ಕೂಟದಲ್ಲಿ ಸೇನೆ ಅಧಿಕಾರ ಕಿತ್ತುಕೊಂಡರೆ ಆ ದೇಶವನ್ನು ಅಮಾನತು ಮಾಡುತ್ತಾರೆ. ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್ ಹೀಗೆ ಹೊರಗೆ ಕೂತವು. ದಕ್ಷಿಣ ಅಮೆರಿಕದ ವ್ಯಾಪಾರ ಒಕ್ಕೂಟ ಮೆರ್ಕೊಸೂರ್‌ನಲ್ಲಿ 1998ರಿಂದ ಇಂಥದ್ದೇ ಷರತ್ತು ಇದೆ. 2012ರ ಜೂನ್‌ನಲ್ಲಿ ಪರಾಗ್ವೆಯ ಅಧ್ಯಕ್ಷರನ್ನು ಅಲ್ಲಿನ ಸಂಸತ್ತು ಆತುರಾತುರವಾಗಿ ಕೆಳಗಿಳಿಸಿತು ಅಂತ ಆ ದೇಶವನ್ನು ಅಮಾನತು ಮಾಡಿದರು. ವೆನೆಜುವೆಲಾವನ್ನು ಸೇರಿಸಲು ಅಷ್ಟು ದಿನ ಒಪ್ಪದೆ ಇದ್ದದ್ದು ಪರಾಗ್ವೆಯ ಸೆನೆಟ್. ಪರಾಗ್ವೆ ಹೊರಗಿದ್ದ ಸಮಯ ನೋಡಿಕೊಂಡು, ಮರುತಿಂಗಳೇ ವೆನೆಜುವೆಲಾವನ್ನು ಒಳಗೆ ಕರೆದುಕೊಂಡರು. ಷರತ್ತನ್ನು ಹೀಗೆ ಬಳಸಿದ್ದು ನನಗೆ ಸರಿ ಕಾಣಲಿಲ್ಲ. ಐದು ವರ್ಷ ಕಳೆದ ಮೇಲೆ, 2017ರ ಆಗಸ್ಟ್‌ನಲ್ಲಿ, ಅದೇ ಷರತ್ತಿನಡಿ ವೆನೆಜುವೆಲಾವನ್ನೂ ಅಮಾನತು ಮಾಡಿದರು.