ಓದುಗರು ಕೇಳಿದ್ದು: ಪಿಸ್ತೂಲಿನ ಮ್ಯಾಗಜಿನ್ ಬದಲಿಸುವ ಬಗೆ

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಶೂಟರ್‌ಗಳು ನಿಧಾನಕ್ಕೆ ಗುಂಡು ತುಂಬುತ್ತಾರೆ. ಮೊಬೈಲಿನಲ್ಲಿ ಬರುವ ವೀಡಿಯೊಗಳಲ್ಲಿ ಓಡುತ್ತಲೇ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ನೆಲಕ್ಕೆ ಬೀಳಿಸುತ್ತಾರೆ. ಎರಡೂ ಸ್ಪರ್ಧೆಯೇ ಅಲ್ಲವೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸ್ಪರ್ಧೆಯೇ, ಆದರೆ ಗಡಿಯಾರದ ಲೆಕ್ಕ ಬೇರೆ. ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದೊಂದೇ ಪೆಲೆಟ್ ತುಂಬಬೇಕು. ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಐದು ಗುಂಡು ಹಾರಿಸಲು 8, 6, ಕೊನೆಗೆ 4 ಸೆಕೆಂಡು. ಆದರೆ ಮ್ಯಾಗಜಿನ್ ಹಾಕಿಕೊಳ್ಳಲು ‘ಲೋಡ್’ ಎಂಬ ಆದೇಶದ ನಂತರ ಒಂದು ನಿಮಿಷವಿದೆ. ನೀವು ಮೊಬೈಲಿನಲ್ಲಿ ನೋಡಿದ್ದು 1976ರಲ್ಲಿ ಶುರುವಾದ, ಓಡಾಡುತ್ತ ಗುರಿ ಹೊಡೆಯುವ ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಸಿ ಬಗೆಯ ಸ್ಪರ್ಧೆ ಇರಬೇಕು. ಅಲ್ಲಿ ಗಳಿಸಿದ ಅಂಕವನ್ನು ತಗಲಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಮ್ಯಾಗಜಿನ್ ಬದಲಿಸಿದ ಹೊತ್ತೂ ಅದರಲ್ಲಿ ಸೇರುತ್ತದೆ. ಹಾಗಾಗಿ ಈ ಅವಸರ.

ಪ್ರಶ್ನೆ: ಅರ್ಧ ಖಾಲಿಯಾದ ಮ್ಯಾಗಜಿನ್ ಬಿಸಾಡಬಾರದು, ಜೇಬಿಗೆ ಹಾಕಬೇಕು ಎಂದು ಆತ್ಮರಕ್ಷಣೆಯ ತರಬೇತಿ ಕೊಡುವವರು ಹೇಳುತ್ತಾರೆ. ಸ್ಪರ್ಧೆಗೆ ಹೋಗುವವರು ಅದರಿಂದ ಹೊತ್ತು ಹಾಳು ಎನ್ನುತ್ತಾರೆ. ಯಾವುದು ಸರಿ? ಕೈ ಹೇಗೆ ಓಡಬೇಕು?
– ಪರವಾನಗಿದಾರರು, ಮುಳ್ಳೇರಿಯ

ಉತ್ತರ: ಮೊದಲು ಕೈಯ ಕೆಲಸ, ಅದು ಇಬ್ಬರಿಗೂ ಒಂದೇ. ಬೆರಳು ಟ್ರಿಗರಿನಿಂದ ಪೂರ್ತಿ ಹೊರಗೆ. ಐಪಿಎಸ್‌ಸಿಯಲ್ಲಿ ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರ್ ಗಾರ್ಡಿನೊಳಗೆ ಕಂಡರೆ ಪಂದ್ಯದಿಂದಲೇ ಹೊರಗೆ. ಪಿಸ್ತೂಲನ್ನು ಗಲ್ಲದ ಮಟ್ಟಕ್ಕೆ, ಮುಖದ ಮುಂದೆ ತನ್ನಿ; ಬಲ ಮೊಣಕೈ ಪಕ್ಕೆಯ ಹತ್ತಿರ ಬರಲಿ. ನಳಿಗೆಯ ಬಾಯಿ ಗುರಿಯ ಕಡೆಗೇ ಇರಬೇಕು. ಹಿಡಿಯ ಬುಡ ಎಡಸೊಂಟದ ಪೌಚಿಗೆ ಮುಖ ಮಾಡುವಷ್ಟು ಮಣಿಕಟ್ಟನ್ನು ಓರೆ ಮಾಡಿ. ಬಲ ಹೆಬ್ಬೆರಳು ಮ್ಯಾಗಜಿನ್ ಬಿಡಿಸುವ ಗುಂಡಿ ಒತ್ತುವ ಹೊತ್ತಿಗೆ ಎಡಗೈ ಹೊಸ ಮ್ಯಾಗಜಿನ್ ಹಿಡಿದಿರಬೇಕು. ಹಳೆಯದು ಬಿದ್ದ ಮೇಲೆ ಹೊಸದನ್ನು ಹುಡುಕಲು ಹೊರಡುವುದೇ ಕಲಿಯುವವರ ದೊಡ್ಡ ತಪ್ಪು. ಪೌಚಿನಲ್ಲಿ ಗುಂಡಿನ ಮೂತಿ ಮುಂದಕ್ಕಿದ್ದರೆ ತೋರುಬೆರಳು ತಾನಾಗಿ ಮ್ಯಾಗಜಿನ್ನಿನ ಮುಂಬದಿಗೆ ಕೂರುತ್ತದೆ, ಬೆರಳ ತುದಿ ಮೇಲಿನ ಗುಂಡಿನ ಮೂತಿಗೆ ತಾಗುತ್ತದೆ. ಆ ಬೆರಳೇ ದಾರಿ ತೋರಿಸುವುದು. ಮ್ಯಾಗಜಿನ್ನಿನ ಹಿಂಬದಿಯನ್ನು ಹಿಡಿಯೊಳಗಿನ ಹಿಂಬದಿಗೆ ತಾಗಿಸಿ, ಮೇಲಕ್ಕೆ ಜಾರಿಸಿ, ಅಂಗೈಯ ಬುಡದಿಂದ ಗುದ್ದಿ ಕೂರಿಸಿ. ಕಣ್ಣು ಒಂದು ಕ್ಷಣ ಹಿಡಿಯ ಬಾಯಿಯ ಮೇಲಿರಲಿ. ನೋಡದೆ ಹಾಕುತ್ತೇನೆ ಎನ್ನುವವರೇ ಅಂಚಿಗೆ ತಾಗಿಸಿ ಹೊತ್ತು ಕಳೆಯುತ್ತಾರೆ.

ದಾರಿ ಬೇರೆಯಾಗುವುದು ‘ಯಾವಾಗ ಬದಲಿಸಬೇಕು’ ಎನ್ನುವಲ್ಲಿ. ಸ್ಪರ್ಧಿ ಕಣವನ್ನು ಮೊದಲೇ ನಡೆದು ನೋಡಿರುತ್ತಾನೆ. ಎಷ್ಟು ಗುರಿ, ಎಷ್ಟು ಗುಂಡು, ಯಾವ ಹೆಜ್ಜೆಯಲ್ಲಿ ಬದಲಿಸುವುದು ಎಲ್ಲ ಗೊತ್ತು. ಆರು ಗುಂಡು ಉಳಿದಿದ್ದರೂ ಬೀಳಿಸಿ ಓಡುತ್ತಾನೆ, ಆಮೇಲೆ ಹೆಕ್ಕಿಕೊಳ್ಳುತ್ತಾನೆ. ನಿಜವಾದ ಅಪಾಯದಲ್ಲಿ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದೆ ನಿಂತಾಗಲೇ ಖಾಲಿ ಎಂದು ತಿಳಿಯುವುದು. ಹೆಚ್ಚುವರಿ ಮ್ಯಾಗಜಿನ್ ಇದ್ದರೆ ಒಂದು, ಅದೂ ಅಂಗಿಯ ಅಡಿಯಲ್ಲಿ. ಹಾಗಾಗಿ ಉಳಿದ ಗುಂಡಿಗೆ ಬೆಲೆ. ಆತ್ಮರಕ್ಷಣೆಯ ಸನ್ನಿವೇಶಗಳನ್ನೇ ಕಣಕ್ಕೆ ತರುವ, 1996ರಲ್ಲಿ ಶುರುವಾದ ಐಡಿಪಿಎ ಸ್ಪರ್ಧೆಯಲ್ಲಿ ಗುಂಡಿರುವ ಮ್ಯಾಗಜಿನ್ ಬಿಟ್ಟುಹೋದರೆ ದಂಡ ಬೀಳುವುದು ಇದೇ ತರ್ಕದಿಂದ.

ಉಳಿಸಿಕೊಳ್ಳಲು ಎರಡು ದಾರಿ. ಹೊಸದನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ತಂದು, ಹಳೆಯದನ್ನು ಅದೇ ಅಂಗೈಗೆ ಇಳಿಸಿ, ಹೊಸದನ್ನು ಹಾಕುವುದು ಒಂದು. ಸಣ್ಣ ಕೈ, ನಮ್ಮ ಕರಾವಳಿಯ ಬೆವರು ಎರಡೂ ಸೇರಿದರೆ ಒಂದಲ್ಲ ಒಂದು ಜಾರುತ್ತದೆ. ಹಳೆಯದನ್ನು ಮೊದಲು ಜೇಬಿಗಿಳಿಸಿ ಆಮೇಲೆ ಹೊಸದನ್ನು ತೆಗೆಯುವುದು ಇನ್ನೊಂದು: ಸುಲಭ, ಆದರೆ ಆ ನಡುವೆ ಚೇಂಬರಿನ (ನಳಿಗೆಯ ಹಿಂತುದಿಯ ಗುಂಡಿನ ಗೂಡಿನ) ಒಂದೇ ಗುಂಡು ಗತಿ. ಬ್ರೌನಿಂಗ್ ಹೈ-ಪವರ್‌ನಂಥವು ಮ್ಯಾಗಜಿನ್ ಹೊರಗಿದ್ದರೆ ಆ ಒಂದನ್ನೂ ಹಾರಿಸುವುದಿಲ್ಲ. ನನ್ನ ಮಾತು ಕೇಳುವುದಾದರೆ, ಮರೆಯಲ್ಲಿದ್ದು ಪುರುಸೊತ್ತಿದ್ದರೆ ಮಾತ್ರ ಎರಡನೆಯದು. ಖಾಲಿಯಾದರೆ ಮುಲಾಜಿಲ್ಲದೆ ನೆಲಕ್ಕೆ.

ಇನ್ನೊಂದು ಮಾತು. ಸ್ಪರ್ಧೆಯಲ್ಲಿ ಮ್ಯಾಗಜಿನ್ ಬದಲಿಸಿದ ಕೂಡಲೇ ಮತ್ತೆ ಹಾರಿಸುವುದೇ ಅಭ್ಯಾಸ. ಆ ಅಭ್ಯಾಸವನ್ನು ಮನೆಯಂಗಳಕ್ಕೆ ತರಬೇಡಿ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮಿನಂತೆ ಆತ್ಮರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕಿಲ್ಲ. ಮ್ಯಾಗಜಿನ್ ಕೂತ ಮೇಲೆ ಬೆರಳು ಹೊರಗೇ ಇರಲಿ, ಎದುರಿನವನು ಇದ್ದಾನೆಯೇ, ಓಡಿದನೇ ಎಂದು ಮೊದಲು ನೋಡಿ.

ಪ್ರಶ್ನೆ: ರೇಂಜಿನಲ್ಲಿ ಹೊಸ ಮ್ಯಾಗಜಿನ್ ಹಾಕಿ ಒಂದು ಗುಂಡು ಹಾರಿಸಿದ ಕೂಡಲೇ ಮ್ಯಾಗಜಿನ್ ಕಳಚಿ ಬಿತ್ತು. ಪಿಸ್ತೂಲು ಕೆಟ್ಟಿದೆಯೇ?
– ಓದುಗರು, ಉಪ್ಪಳ

ಉತ್ತರ: ಹೆಚ್ಚಾಗಿ ಕೆಟ್ಟಿರುವುದಿಲ್ಲ. ಸ್ಲೈಡ್ ಮುಂದಿರುವಾಗ ಭರ್ತಿ ತುಂಬಿದ ಮ್ಯಾಗಜಿನ್ ಹಾಕಿದರೆ ಮೇಲಿನ ಗುಂಡು ಸ್ಲೈಡಿನ ಅಡಿಗೆ ಒತ್ತಿಕೊಳ್ಳುತ್ತದೆ. ಸ್ಪ್ರಿಂಗು ಇನ್ನಷ್ಟು ಕುಗ್ಗಬೇಕು, ಹಾಗಾಗಿ ಕೊಕ್ಕೆ ಸಿಗುವ ಮೊದಲೇ ‘ಕೂತಿತು’ ಅನಿಸುತ್ತದೆ. ಒಂದು ಗುಂಡು ಕಡಿಮೆ ತುಂಬಿ, ಜೋರಾಗಿ ಗುದ್ದಿ, ಒಮ್ಮೆ ಕೆಳಕ್ಕೆ ಎಳೆದು ನೋಡಿ. ಹಾಗೂ ಬಿದ್ದರೆ ಹಾರಿಸುವಾಗ ಹೆಬ್ಬೆರಳು ಮ್ಯಾಗಜಿನ್ ಬಿಡಿಸುವ ಗುಂಡಿಗೆ ತಾಗುತ್ತಿದೆಯೇ ಎಂದು ಗಮನಿಸಿ. ಖಾಲಿಯಾದರೂ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲವಾದರೆ ಹೆಬ್ಬೆರಳು ಅದನ್ನು ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪಿನ ಮೇಲಿರಬಹುದು. ಎಫ್‌ಎನ್ 1910 ಬಗೆಯ ಹಳೆಯ .32 ಪಿಸ್ತೂಲುಗಳಲ್ಲಿ ಮಾತ್ರ ಸ್ಲೈಡ್ ನಿಲ್ಲುವ ಏರ್ಪಾಡೇ ಇಲ್ಲ. ಮ್ಯಾಗಜಿನ್ನಿನ ಕೊಕ್ಕೆಯೂ ಹಿಡಿಯ ಬುಡದಲ್ಲಿದೆ, ಎರಡೂ ಕೈ ಬೇಕು.

ನಮ್ಮಲ್ಲಿ ನೆಲಕ್ಕೆ ಬಿದ್ದ ಮ್ಯಾಗಜಿನ್ನಿಗೆ ಕೆಂಪುಕಲ್ಲಿನ ಪುಡಿ ಮೆತ್ತುತ್ತದೆ. ಅಡಿಯ ತಟ್ಟೆ ಬಿಚ್ಚಿ, ಸ್ಪ್ರಿಂಗು ಯಾವ ದಿಕ್ಕಿಗಿತ್ತೆಂದು ನೋಡಿಟ್ಟು, ಒಣ ಬ್ರಶ್ಶಿನಿಂದ ಉಜ್ಜಿ. ಒಳಗೆ ಎಣ್ಣೆ ಬಿಡಬೇಡಿ, ಪುಡಿ ಅಂಟುತ್ತದೆ. ಆಟಿಯ ಮಳೆಗೆ ತುಕ್ಕು ಹಿಡಿಯದಂತೆ ಹೊರಮೈಗೆ ಎಣ್ಣೆ ಬಟ್ಟೆ ಸವರಿದರೆ ಸಾಕು.

ಪ್ರಶ್ನೆ: ಮನೆಯಲ್ಲೇ ಅಭ್ಯಾಸ ಮಾಡಬಹುದೇ?
– ಓದುಗರು, ಕುಂಬಳೆ

ಉತ್ತರ: ಮಾಡಬಹುದು. ನಿಜವಾದ ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಚೇಂಬರನ್ನು ಕಣ್ಣಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಡಮ್ಮಿ ಗುಂಡು ಮಾತ್ರ ಬಳಸಿ. ಮೊದಲು ನಿಧಾನವಾಗಿ ಇಪ್ಪತ್ತು ಸಲ; ತಪ್ಪದ ಮೇಲೆ ಮೂರು ಸೆಕೆಂಡಿನ ಗುರಿ ಇಟ್ಟುಕೊಳ್ಳಿ. ಪಂಚೆಯ ಮೇಲೆ ಅಭ್ಯಾಸ ಬೇಡ, ಗಟ್ಟಿ ಬೆಲ್ಟ್ ಇಲ್ಲದೆ ಪೌಚು ಒಂದೇ ಕಡೆ ನಿಲ್ಲದು. ಕೆಳಗೆ ಮಡಚಿದ ಗೋಣಿಯೋ ಹಾಸಿಗೆಯೋ ಇರಲಿ. ಸಿಮೆಂಟು ನೆಲಕ್ಕೆ ಬಿದ್ದು ಮ್ಯಾಗಜಿನ್ನಿನ ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಬಗ್ಗಿದರೆ ಗುಂಡು ಸರಿಯಾಗಿ ಮೇಲೇರುವುದಿಲ್ಲ.